'ರೀಮಾಸ್ಟರ್ಡ್' ಅಂತ ಬರೆದಿದ್ದರೆ ಅದೇ ಒಳ್ಳೆಯ ಸಿಡಿಯೇ?

ಪ್ರಶ್ನೆ: ಅರವತ್ತು, ಎಪ್ಪತ್ತರ ದಶಕದ ರಾಕ್ ಆಲ್ಬಂಗಳನ್ನು ಸಿಡಿಯಲ್ಲಿ ಕೂಡಿಹಾಕಲು ಶುರು ಮಾಡಿದ್ದೇನೆ. ಒಂದೇ ಆಲ್ಬಂ ಮೂರ್ನಾಲ್ಕು ಥರ ಸಿಗುತ್ತದೆ. 1980ರ ದಶಕದ ಹಳೇ ಸಿಡಿಗೆ ಕೆಲವರು ಹೊಸದಕ್ಕಿಂತ ಜಾಸ್ತಿ ಬೆಲೆ ಹೇಳುತ್ತಾರೆ. ಯಾವುದನ್ನು ತೆಗೆದುಕೊಳ್ಳಲಿ?

ಉತ್ತರ: 'ರೀಮಾಸ್ಟರ್ಡ್' (ಹಳೆಯ ಟೇಪಿನ ನಾದವನ್ನು ಹೊಸದಾಗಿ ತಿದ್ದಿ ಇಳಿಸಿದ್ದು) ಅನ್ನುವ ಪದವನ್ನು ನಂಬಿ ದುಡ್ಡು ಕೊಡಬೇಡಿ. ಯಾವ ವರ್ಷದ್ದು, ಯಾವ ಟೇಪಿನಿಂದ, ಯಾರು ಮಾಡಿದ್ದು ಎಂದು ಕೇಳಿ. ಹಳೆಯದೇ ಮೇಲು ಅನ್ನುವವರ ಮಾತೂ ಅರ್ಧ ಸತ್ಯ.

1982ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಸಿಡಿ ಮಾರಾಟಕ್ಕೆ ಬಂದಾಗ ಕಂಪನಿಗಳಿಗೆ ಅವಸರ. ಹಳೆಯ ಆಲ್ಬಂಗಳನ್ನೆಲ್ಲ ಬೇಗ ಬೇಗ ಸಿಡಿಗೆ ಇಳಿಸಬೇಕಿತ್ತು. ಎಷ್ಟೋ ಸಲ ಕೈಗೆ ಸಿಕ್ಕಿದ್ದು ಸ್ಟುಡಿಯೋದ ಮೂಲ ಟೇಪಲ್ಲ, ಎಲ್‌ಪಿ ಕೊರೆಯಲೆಂದು ಮಾಡಿಟ್ಟ ನಕಲು. ಗ್ರಾಮಫೋನಿನ ಮುಳ್ಳು ಎಗರದಿರಲಿ ಎಂದು ಅಂಥ ನಕಲಿನಲ್ಲಿ ಬೇಸ್ (ಗುಂಯ್ ಅನ್ನುವ ಕೆಳಗಿನ ನಾದ) ತಗ್ಗಿಸಿರುತ್ತಿದ್ದರು. ಮೊದಮೊದಲ ಸಿಡಿಗಳು ಸಪ್ಪೆ ಅನ್ನುವ ದೂರಿಗೆ ಇದೊಂದು ಕಾರಣ. ಆದರೆ ಒಳ್ಳೆಯ ಟೇಪು ಸಿಕ್ಕಿ, ಯಾರೂ ಜಾಣತನ ತೋರಿಸಲು ಹೋಗದೆ ಇದ್ದದ್ದನ್ನು ಇದ್ದ ಹಾಗೇ ಇಳಿಸಿದ ಸಿಡಿಗಳೂ ಉಂಟು. ಬೆಲೆ ಏರಿರುವುದು ಅವಕ್ಕೆ. ಪಿಂಕ್ ಫ್ಲಾಯ್ಡ್‌ನ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' 1973ರದ್ದು. ಜಪಾನಿನಲ್ಲಿ ಒತ್ತಿದ ಅದರ ಮೊದಲ ಸಿಡಿಯನ್ನು ಲೇಬಲ್ಲಿನ ಮೇಲಿನ ಗುರುತಿನಿಂದಾಗಿ 'ಕಪ್ಪು ತ್ರಿಕೋನ' ಎಂದೇ ಕರೆದು ಹುಡುಕುತ್ತಾರೆ. ಬೀಟಲ್ಸ್‌ನ 'ಆಬಿ ರೋಡ್' ಕೂಡ 1983ರಲ್ಲೇ ಜಪಾನಿನಲ್ಲಿ ಸಿಡಿಯಾಗಿ ಬಂದು, ಬೇಗನೆ ಮಾರುಕಟ್ಟೆಯಿಂದ ವಾಪಸಾಯಿತು. ಹಾಗಾಗಿ ಅದರ ಬೆಲೆಯಲ್ಲಿ ನಾದಕ್ಕೆಷ್ಟು, ಅಪರೂಪಕ್ಕೆಷ್ಟು ಎಂದು ನೀವೇ ಲೆಕ್ಕ ಹಾಕಿ.

ಇನ್ನು ರೀಮಾಸ್ಟರ್, ರೀಮಿಕ್ಸ್ ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ರೀಮಾಸ್ಟರ್ ಅಂದರೆ ಆಗಿರುವ ಸಾರಿಗೆ ಒಗ್ಗರಣೆ ಬದಲಿಸಿದ ಹಾಗೆ. ರೀಮಿಕ್ಸ್ ಅಂದರೆ ಬೇಳೆ ಬೇಯಿಸುವುದರಿಂದ ಮತ್ತೆ ಶುರು ಮಾಡಿದ ಹಾಗೆ: ಗಿಟಾರು, ಡ್ರಮ್ಸು, ಗಾಯನ ಎಲ್ಲವನ್ನೂ ಬೇರೆ ಬೇರೆ ತೆಗೆದು ಹೊಸದಾಗಿ ಕೂಡಿಸುವುದು. ಬೀಟಲ್ಸ್‌ನ 'ಹೆಲ್ಪ್!' ಮತ್ತು 'ರಬ್ಬರ್ ಸೋಲ್' ಎರಡೂ 1965ರವು. 1987ರಲ್ಲಿ ಸಿಡಿಗೆ ಬರುವ ಮೊದಲು ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವನ್ನು ಮತ್ತೆ ಮಿಕ್ಸ್ ಮಾಡಿದರು. 2009ರ ಸ್ಟೀರಿಯೋ ರೀಮಾಸ್ಟರ್‌ನಲ್ಲಿ ಇರುವುದೂ ಆ ಹೊಸ ಮಿಕ್ಸೇ. 1965ರ ಅಸಲಿ ಸ್ಟೀರಿಯೋ ಬೇಕೆಂದರೆ 2009ರಲ್ಲೇ ಬಂದ ಮೋನೋ (ಎರಡೂ ಸ್ಪೀಕರಿನಲ್ಲಿ ಒಂದೇ ನಾದ) ಸಿಡಿಗಳ ಪೆಟ್ಟಿಗೆ ಕೊಳ್ಳಬೇಕು! ಆ ಎರಡು ಆಲ್ಬಂಗಳ ಮೋನೋ ತಟ್ಟೆಯಲ್ಲೇ ಹಳೆಯ ಸ್ಟೀರಿಯೋವನ್ನೂ ಸೇರಿಸಿ ಕೊಟ್ಟಿದ್ದಾರೆ.

ಹೊಸದರ ದೊಡ್ಡ ರೋಗವೆಂದರೆ ಅಬ್ಬರ. ಸಿಡಿಯಲ್ಲಿ ಸದ್ದಿಗೆ ಒಂದು ಮೇಲ್ಮಿತಿ ಇದೆ, ಅದನ್ನು ದಾಟುವಂತಿಲ್ಲ. ತೊಂಬತ್ತರ ದಶಕದಿಂದೀಚೆಗೆ ಸಣ್ಣ ಸದ್ದನ್ನೆಲ್ಲ ಮೇಲಕ್ಕೆಳೆದು, ದೊಡ್ಡ ಸದ್ದಿನ ತುದಿಯನ್ನು ಅದುಮಿ, ಎಲ್ಲವನ್ನೂ ಆ ಮಿತಿಯ ಹತ್ತಿರಕ್ಕೆ ತಂದು ನಿಲ್ಲಿಸುವ ಚಾಳಿ ಬಂತು. ದಿ ಸ್ಟೂಜಸ್ ತಂಡದ 'ರಾ ಪವರ್' (1973) ನನ್ನ ಹತ್ತಿರ ಎರಡು ಇವೆ. ಒಂದರಲ್ಲಿ ಗಾಯಕ ಡೇವಿಡ್ ಬೋವಿಯ ಮೂಲ ಮಿಕ್ಸ್, ಇನ್ನೊಂದು 1997ರಲ್ಲಿ ಸ್ಟೂಜಸ್‌ನ ಗಾಯಕ ಇಗ್ಗಿ ಪಾಪ್ ತಾನೇ ಕೂತು ಮಾಡಿದ ರೀಮಿಕ್ಸ್. ಒಂದು ಭಾನುವಾರ ಎರಡನ್ನೂ ಕಂಪ್ಯೂಟರಿಗೆ ಇಳಿಸಿ ಸದ್ದಿನ ಅಲೆಯ ಚಿತ್ರ ನೋಡಿದೆ. ಹಳೆಯದರಲ್ಲಿ ಏರಿಳಿತ ಕಾಣುತ್ತಿತ್ತು, ಡ್ರಮ್ಮಿನ ಏಟುಗಳು ಮುಳ್ಳುಗಳ ಹಾಗೆ ಎದ್ದಿದ್ದವು. 1997ರದ್ದು ಈ ತುದಿಯಿಂದ ಆ ತುದಿಗೆ ಇಟ್ಟಿಗೆ ಗೋಡೆ. ಇಗ್ಗಿಗೆ ಬೇಕಿದ್ದದ್ದೇ ಆ ರೌದ್ರ ಇರಬಹುದು, ನನ್ನ ಕಿವಿ ಮೂರನೇ ಹಾಡಿಗೇ ಸೋತಿತು. ಹೀಗೆ ಎರಡು ಸಿಡಿ ಹೋಲಿಸುವಾಗ ಜೋರಾಗಿರುವುದರ ವಾಲ್ಯೂಮ್ ಇಳಿಸಿ, ಎರಡನ್ನೂ ಸಮ ಮಾಡಿಕೊಂಡು ಕೇಳಿ. ಇಲ್ಲದಿದ್ದರೆ ಜೋರಾದದ್ದೇ ಮೊದಲ ಕ್ಷಣಕ್ಕೆ ಚೆಂದ ಅನ್ನಿಸಿಬಿಡುತ್ತದೆ.

ಹಾಗಂತ ಹೊಸದನ್ನೆಲ್ಲ ತಳ್ಳಿಹಾಕಬೇಡಿ. ರೋಲಿಂಗ್ ಸ್ಟೋನ್ಸ್‌ನ 'ಬೆಗರ್ಸ್ ಬ್ಯಾಂಕ್ವೆಟ್' 1968ರಿಂದಲೂ ಅಸಲಿಗಿಂತ ಸ್ವಲ್ಪ ನಿಧಾನವಾಗಿಯೇ ಓಡುತ್ತಿತ್ತು. ಅದರ ವೇಗ ಸರಿಹೋದದ್ದು 2002ರ ರೀಮಾಸ್ಟರ್‌ನಲ್ಲಿ. ಈ ಆಲ್ಬಂಗೆ ಹಳೇ ಸಿಡಿ ಹುಡುಕುತ್ತ ಅಲೆಯುವುದು ದಂಡ. ಲೆಡ್ ಝೆಪ್ಪೆಲಿನ್ ಬೇಕಿದ್ದರೆ ಆ ತಂಡದ ಗಿಟಾರ್ ವಾದಕ ಜಿಮ್ಮಿ ಪೇಜ್ ಮೇಲ್ವಿಚಾರಣೆಯಲ್ಲಿ 2014–15ರಲ್ಲಿ ಬಂದವು ಸಾಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಡಬ್ಬಿಯ ಮೇಲಿನ ವರ್ಷ ನೋಡಿ ಮೋಸಹೋಗಬೇಡಿ. ಎಷ್ಟೋ ಸಲ ಅಲ್ಲಿರುವುದು ಆಲ್ಬಂ ಮೊದಲು ಬಂದ ವರ್ಷ, ಸಿಡಿ ಒತ್ತಿದ್ದಲ್ಲ. ತಟ್ಟೆ ತಿರುಗಿಸಿ, ನಡುವಿನ ತೂತಿನ ಸುತ್ತ ಕನ್ನಡಿಯಂತಿರುವ ಉಂಗುರವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಸಣ್ಣ ಅಕ್ಷರದ ಸಂಖ್ಯೆಗಳು ಕಾಣುತ್ತವೆ; ತಟ್ಟೆಯ ಜಾತಕ ಅದೇ. ಅಲ್ಲೇ ಸುತ್ತಮುತ್ತ 'ಐಎಫ್‌ಪಿಐ' (IFPI, ಧ್ವನಿಮುದ್ರಣ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟ) ಎಂದು ಶುರುವಾಗುವ ಕೋಡ್ ಇದ್ದರೆ ಅದು 1994 ಅಥವಾ ಆಮೇಲೆ ಒತ್ತಿದ್ದು. "1985ರ ಒರಿಜಿನಲ್ ಸಾರ್" ಎಂದು ಅಂಗಡಿಯವರು ಎಷ್ಟೇ ಆಣೆ ಮಾಡಿದರೂ ಅಷ್ಟೇ.

ಗೀರುಗಳ ವಿಷಯ. ಹೊಳೆಯುವ ಬದಿಯ ಸಣ್ಣ ಗೀರಿಗೆ ಹೆದರಬೇಕಿಲ್ಲ, ಪಾಲಿಷ್ ಮಾಡಿದರೆ ಹೆಚ್ಚಿನವು ಹೋಗುತ್ತವೆ. ಲೇಬಲ್ ಬದಿ ಹಾಗಲ್ಲ. ಸಂಗೀತ ಹೊತ್ತ ಅಲ್ಯೂಮಿನಿಯಂ ಪದರ ಇರುವುದು ಲೇಬಲ್ಲಿನ ಕೆಳಗೇ, ಮೇಲೆ ತೆಳು ವಾರ್ನಿಷ್ ಅಷ್ಟೇ ಕಾವಲು. ಅಲ್ಲಿ ಗೀರು ಆಳವಾಗಿದ್ದರೆ ರಿಪೇರಿ ಇಲ್ಲ. ಇಂಗ್ಲೆಂಡಿನಲ್ಲಿ ಸಿಡಿ ಒತ್ತುತ್ತಿದ್ದ ಪಿಡಿಒ (PDO) ಎಂಬ ಕಂಪನಿಯ ಕಾರ್ಖಾನೆಯಲ್ಲಿ 1980ರ ದಶಕದ ಕೊನೆಯಿಂದ ತೊಂಬತ್ತರ ಆರಂಭದವರೆಗೆ ಒತ್ತಿದ ಕೆಲವು ತಟ್ಟೆಗಳು ಅಂಚಿನಿಂದ ಕಂಚಿನ ಬಣ್ಣಕ್ಕೆ ತಿರುಗಿ ಹಾಳಾಗುತ್ತ ಬಂದಿವೆ. ಅಂಚು ಕಂದಿದ ಸಿಡಿ ಎಷ್ಟು ಅಗ್ಗಕ್ಕೆ ಸಿಕ್ಕರೂ ಅಲ್ಲೇ ಇಟ್ಟು ಬನ್ನಿ.