ಪೌಚ್ ಇಡುವ ಅಭ್ಯಾಸ ಇದ್ದರೆ ದಂತವೈದ್ಯರಿಗೆ ಹೇಳಿ

ಹೊಸದಾಗಿ ಬಂದವರಿಗೆ ನಾವೊಂದು ಫಾರಂ ಕೊಡುತ್ತೇವೆ. ಬಿಪಿ ಇದೆಯಾ, ಶುಗರ್ ಇದೆಯಾ, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ, ತಂಬಾಕು ಬಳಸುತ್ತೀರಾ. ಕೊನೆಯದಕ್ಕೆ ‘ಇಲ್ಲ’ ಅಂತ ಟಿಕ್ ಹಾಕಿ ಕುರ್ಚಿಯಲ್ಲಿ ಬಂದು ಕೂರುತ್ತಾರೆ. ಮೇಲ್ದುಟಿ ಎತ್ತಿ ನೋಡಿದರೆ, ಕೋರೆಹಲ್ಲಿನ ಮೇಲ್ಗಡೆ, ತುಟಿ ವಸಡಿಗೆ ಸೇರುವ ಸಂದಿಯಲ್ಲಿ ಒಳಚರ್ಮ ಬೆಳ್ಳಗಾಗಿ ಸುಕ್ಕುಗಟ್ಟಿರುತ್ತದೆ, ತುಂಬಾ ಹೊತ್ತು ನೀರಲ್ಲಿ ನೆನೆದ ಬೆರಳಿನ ಹಾಗೆ. ಅದೂ ಒಂದೇ ಪಕ್ಕ. ಇನ್ನೊಂದು ಪಕ್ಕ ನುಣ್ಣಗೆ, ಸರಿಯಾಗಿಯೇ ಇರುತ್ತದೆ.

“ನಿಕೋಟಿನ್ ಪೌಚ್ ಇಡ್ತೀರಾ?”

“ಹೌದು ಡಾಕ್ಟ್ರೇ. ಅದರಲ್ಲಿ ತಂಬಾಕು ಇಲ್ವಲ್ಲ.”

ಅವರು ಸುಳ್ಳು ಹೇಳಿಲ್ಲ. ಪೌಚ್ ಅಂದರೆ ತುಟಿ ಮತ್ತು ವಸಡಿನ ನಡುವೆ ಇಡುವ ಪುಟ್ಟ ಚೀಲ, ಅದರಲ್ಲಿ ತಂಬಾಕಿನ ಎಲೆ ಇರುವುದಿಲ್ಲ. ಗಿಡದ ನಾರು, ಸಿಹಿ, ಪರಿಮಳ, ಒಂದಿಷ್ಟು ಕ್ಷಾರ, ಜೊತೆಗೆ ನಿಕೋಟಿನ್. ಆ ನಿಕೋಟಿನ್ ತಂಬಾಕಿನಿಂದಲೇ ಬೇರ್ಪಡಿಸಿದ್ದಿರಬಹುದು, ಲ್ಯಾಬಿನಲ್ಲಿ ತಯಾರಿಸಿದ್ದೂ ಇರಬಹುದು. ಎಲ್ಲಿಂದ ಬಂದರೂ ರಕ್ತಕ್ಕೆ ಸೇರಿದ ಮೇಲೆ ಅದು ಮಾಡುವ ಕೆಲಸ ಒಂದೇ. ನನಗೆ ಗೊತ್ತಾಗಬೇಕಾದದ್ದು ಅದೇ. ಎಲೆ ಇದೆಯೋ ಇಲ್ಲವೋ ಅನ್ನುವುದು ನನ್ನ ಚಿಕಿತ್ಸೆಗೆ ಅಷ್ಟು ಮುಖ್ಯವಲ್ಲ. ನಿಕೋಟಿನ್ ಇದೆಯೋ ಇಲ್ಲವೋ ಅನ್ನುವುದು ತುಂಬಾ ಮುಖ್ಯ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ವಸಡಿನ ತುಂಬ ಇರುವುದು ಅಂಥ ನಾಳಗಳೇ. ನಾವು ವಸಡಿನ ಕಾಯಿಲೆ ಹುಡುಕುವಾಗ ಮೊದಲು ನೋಡುವುದು ರಕ್ತವನ್ನು. ಸಣ್ಣ ಕಡ್ಡಿಯಂಥ ಉಪಕರಣವನ್ನು ಹಲ್ಲು ವಸಡಿನ ನಡುವೆ ಇಳಿಸಿದಾಗ ರಕ್ತ ಬಂದರೆ ಊತ ಇದೆ ಅಂತ ಅರ್ಥ. ಸಿಗರೇಟು ಸೇದುವವರಲ್ಲಿ ಕಾಯಿಲೆ ಇದ್ದರೂ ರಕ್ತ ಕಡಿಮೆ ಬರುತ್ತದೆ ಅನ್ನುವುದು ನಮಗೆಲ್ಲ ಹಳೆಯ ಪಾಠ. ಹಾಗಾಗಿ ಸೇದುವವರು ಅಂತ ಗೊತ್ತಿದ್ದರೆ ರಕ್ತವನ್ನೇ ನಂಬಿ ಕೂರುವುದಿಲ್ಲ, ಮೂಳೆಯನ್ನೂ ಎಕ್ಸ್‌ರೇಯಲ್ಲಿ ಹುಷಾರಾಗಿ ನೋಡುತ್ತೇವೆ. ಪೌಚ್ ಇಡುವವರಲ್ಲೂ ಹೀಗೇ ಆಗುತ್ತದೆ ಅಂತ ಖಡಾಖಂಡಿತವಾಗಿ ಹೇಳಲಾರೆ. ಇವು ಜೋರಾಗಿ ಬಳಕೆಗೆ ಬಂದು ಹೆಚ್ಚು ಕಾಲ ಆಗಿಲ್ಲ. ಆದರೆ ದಿನವಿಡೀ ನಿಕೋಟಿನ್ ಹೋಗುತ್ತಿರುವ ಬಾಯಲ್ಲಿ ‘ರಕ್ತ ಇಲ್ಲ, ಆರೋಗ್ಯವಾಗಿದೆ’ ಅಂತ ಬರೆದು ಕಳಿಸಲು ನನಗೆ ಮನಸ್ಸು ಒಪ್ಪುವುದಿಲ್ಲ. ನೀವು ಹೇಳದಿದ್ದರೆ ಹಾಗೆ ಬರೆದುಬಿಡುತ್ತೇನೆ, ಅಲ್ವಾ?

ಗಾಯದ ವಿಷಯವೂ ಹಾಗೆಯೇ. ಹಲ್ಲು ಕಿತ್ತ ಗುಳಿ ತುಂಬಬೇಕು, ಇಂಪ್ಲಾಂಟ್ (ಹಲ್ಲಿನ ಬೇರಿನ ಬದಲು ಕೂರಿಸುವ ತಿರುಪು) ಮೂಳೆಗೆ ಕಚ್ಚಿಕೊಳ್ಳಬೇಕು ಅಂದರೆ ಅಲ್ಲಿಗೆ ರಕ್ತ ಚೆನ್ನಾಗಿ ಹರಿಯಬೇಕು. ನನ್ನ ಹತ್ತಿರ ಇಂಪ್ಲಾಂಟ್‌ಗೆ ಅಂತ ಬಂದಿದ್ದ ಹಿರಿಯರೊಬ್ಬರು ಇದ್ದರು. ಸಿಗರೇಟು ಬಿಟ್ಟು ಬನ್ನಿ ಅಂದಿದ್ದೆ. ಬಿಟ್ಟೇ ಬಂದರು, ಮುಖದಲ್ಲಿ ಅದರ ಖುಷಿ ಕಾಣುತ್ತಿತ್ತು. ಮಾತಾಡುತ್ತಾ ಕರ್ಚೀಫು ತೆಗೆದಾಗ ಜೇಬಿನಿಂದ ದುಂಡನೆಯ ಡಬ್ಬಿಯೂ ಹೊರಬಂತು. ಬೆಳಗಿನಿಂದ ರಾತ್ರಿವರೆಗೆ ಒಂದಾದ ಮೇಲೊಂದು ಪೌಚ್, ಅದೂ ಇಂಪ್ಲಾಂಟ್ ಹಾಕಬೇಕಾದ ಜಾಗದ ಪಕ್ಕದಲ್ಲೇ. ಅವರಿಗೆ ಬೇಜಾರಾಗದ ಹಾಗೆ ಹೇಳುವುದು ಕಷ್ಟವಾಯಿತು. ಅವರು ಮಾಡಿದ್ದು ನಿಜಕ್ಕೂ ದೊಡ್ಡ ಕೆಲಸ. ಅದನ್ನೇ ಮೊದಲು ಹೇಳಿದೆ. ಆಮೇಲೆ ಆಪರೇಷನ್ ಮುಂದಕ್ಕೆ ಹಾಕಿದೆವು.

ಇಷ್ಟು ಕೇಳಿದ ಮೇಲೆ ಕೆಲವರು ಕೇಳುತ್ತಾರೆ, “ಹಾಗಾದ್ರೆ ಸಿಗರೇಟೇ ವಾಸಿನಾ?” ಖಂಡಿತ ಅಲ್ಲ. ಪೌಚ್‌ನಲ್ಲಿ ಏನೂ ಉರಿಯುವುದಿಲ್ಲ. ಹೊಗೆ ಇಲ್ಲ, ಟಾರ್ ಇಲ್ಲ, ಕಾರ್ಬನ್ ಮಾನಾಕ್ಸೈಡ್ ಇಲ್ಲ. ಔಷಧ, ತಂಬಾಕು ಉತ್ಪನ್ನಗಳನ್ನು ನಿಯಂತ್ರಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2025ರ ಜನವರಿಯಲ್ಲಿ ಜಿನ್ (ZYN) ಅನ್ನುವ ಬ್ರ್ಯಾಂಡಿನ ನಿಕೋಟಿನ್ ಪೌಚ್‌ಗಳ 20 ಬಗೆಗಳ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು. ಸಿಗರೇಟಿಗೆ ಹೋಲಿಸಿದರೆ ಹಾನಿಕರ ವಸ್ತುಗಳು ಇವುಗಳಲ್ಲಿ ತುಂಬಾ ಕಡಿಮೆ ಅನ್ನುವುದು ಅದಕ್ಕೆ ಒಂದು ಕಾರಣ. ಆದರೆ ಇವು ಸುರಕ್ಷಿತ ಅಂತ ಇದರ ಅರ್ಥವಲ್ಲ ಅಂತಲೂ ಅದೇ ಸಂಸ್ಥೆ ಹೇಳಿದೆ. ಸಿಗರೇಟನ್ನು ಪೂರ್ತಿ ಬಿಟ್ಟು ಇದಕ್ಕೆ ಬಂದವರಿಗೆ ಲಾಭ ಇದೆ. ಮನೆಯಲ್ಲಿ ಸಿಗರೇಟು, ಆಫೀಸಿನಲ್ಲಿ ಪೌಚ್ ಅನ್ನುವವರಿಗೆ ಆ ಲಾಭ ಸಿಗುವುದಿಲ್ಲ. ಯಾವತ್ತೂ ಸೇದದವರು ಸುಮ್ನೆ ಶುರು ಮಾಡಿದರೆ ಹೊಸ ಚಟವೊಂದೇ ಸಿಗುವುದು.

ಡಬ್ಬಿಯ ಮೇಲಿನ ಮಿಲಿಗ್ರಾಂ ಲೆಕ್ಕವನ್ನೂ ಜನ ತಪ್ಪು ತಿಳಿಯುತ್ತಾರೆ. 3, 6 ಅಂತ ಇರುತ್ತದೆ, ಕೆಲವು ಕಡೆ 20 ದಾಟಿದವೂ ಸಿಗುತ್ತವೆ. ಅಷ್ಟೂ ಮೈಗೆ ಸೇರುವುದಿಲ್ಲ. ಒಂದಿಷ್ಟು ಪೌಚ್‌ನಲ್ಲೇ ಉಳಿಯುತ್ತದೆ. ಎಂಜಲಿನ ಜೊತೆ ನುಂಗಿದ್ದರಲ್ಲಿ ಹೆಚ್ಚಿನದು ಲಿವರ್‌ನಲ್ಲೇ ಒಡೆದುಹೋಗುತ್ತದೆ (ಬಿಕ್ಕಳಿಕೆ, ಎದೆಯುರಿ ಬರುವುದು ಹೀಗೆ ನುಂಗಿದ್ದರಿಂದಲೇ ಇರಬಹುದು). ಆದರೆ ಕ್ಷಾರ ಜಾಸ್ತಿ ಇದ್ದಷ್ಟೂ ನಿಕೋಟಿನ್ ಬಾಯಿಯ ಒಳಚರ್ಮದಿಂದ ಬೇಗ ಒಳಗೆ ಇಳಿಯುತ್ತದೆ. ಹಾಗಾಗಿ ಎರಡು ಕಂಪನಿಗಳ 6 ಮಿಲಿಗ್ರಾಂ ಪೌಚ್‌ಗಳು ಒಂದೇ ಥರ ಏರಬೇಕೆಂದಿಲ್ಲ.

ಆ ಬಿಳಿ ಸುಕ್ಕಿಗೆ ಹೆದರಬೇಡಿ. ಪೌಚ್ ನಿಲ್ಲಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ. ನಿಲ್ಲಿಸಿ ಎರಡು ವಾರವಾದರೂ ಹಾಗೇ ಇದ್ದರೆ, ಗಟ್ಟಿಯಾದರೆ, ಕೆಂಪಾಗಿ ಹುಣ್ಣಾದರೆ ತೋರಿಸಿ. ಪೌಚ್‌ನದ್ದೇ ಅಂತ ನೀವೇ ತೀರ್ಮಾನ ಮಾಡಬೇಡಿ. ಜಾಗ ಬದಲಾಯಿಸಿ ಇಡುವುದರಿಂದ ಆ ಒಂದು ಜಾಗಕ್ಕೆ ಬಿಡುವು ಸಿಗುತ್ತದೆ, ರಕ್ತಕ್ಕೆ ಹೋಗುವ ನಿಕೋಟಿನ್ ಕಡಿಮೆಯಾಗುವುದಿಲ್ಲ.

ಫಾರಂನಲ್ಲಿ ಕಾಲಂ ಇಲ್ಲದಿದ್ದರೆ ಬಾಯಿಬಿಟ್ಟು ಹೇಳಿ. ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು, ಯಾವ ಪಕ್ಕ, ಕೊನೆಯದು ಎಷ್ಟು ಹೊತ್ತಿಗೆ. ನಿಕೋಟಿನ್ ಎದೆಬಡಿತ ಏರಿಸುತ್ತದೆ, ನಾವು ಕೊಡುವ ಮರಗಟ್ಟಿಸುವ ಇಂಜೆಕ್ಷನ್‌ನಲ್ಲಿ ಬಹಳಷ್ಟು ಸಲ ಇರುವ ಅಡ್ರಿನಲಿನ್ ಕೂಡ ಅದನ್ನೇ ಮಾಡುತ್ತದೆ. ಅದಕ್ಕೇ ಹೊತ್ತು ಕೇಳುವುದು. ಹಲ್ಲು ಕೀಳಿಸುವ ಮುಂಚೆ ಮತ್ತು ಆಮೇಲೆ ಎಷ್ಟು ದಿನ ಬಿಟ್ಟಿರಬೇಕು ಅನ್ನುವುದನ್ನು ನಿಮ್ಮ ಬಾಯಿ ನೋಡಿದ ವೈದ್ಯರೇ ಹೇಳಬೇಕು. ಬಿಟ್ಟಿರಲು ಆಗುವುದಿಲ್ಲ ಅನಿಸಿದರೆ ಅದನ್ನೂ ಮೊದಲೇ ಹೇಳಿ, ನಾಚಿಕೆ ಬೇಡ. ಚಡಪಡಿಕೆ, ಸಿಟ್ಟು, ನಿದ್ದೆಗೇಡು ಮೊದಲ ಎರಡು ಮೂರು ದಿನ ಜೋರಾಗಿರುತ್ತವೆ, ಅದು ಸರಿಯಾಗಿ ಗಾಯ ಹಸಿಯಾಗಿರುವ ಹೊತ್ತು. ಆ ದಿನಗಳಿಗೆ ಏನು ಮಾಡಬಹುದು ಅಂತ ನಿಮ್ಮ ಫಿಸಿಷಿಯನ್ ಜೊತೆ ಮಾತಾಡಿಯೇ ಆಮೇಲೆ ಹಲ್ಲು ಕೀಳುವ ದಿನ ಗೊತ್ತುಮಾಡುತ್ತೇವೆ.