ಮದುವೆ ಮುಗಿದ ಮೇಲೆ ಡ್ಯೂಕ್ ಎಲ್ಲಿ ಹೋದ?

ಓದುಗರ ಪ್ರಶ್ನೆ: ನೆಟ್‌ಫ್ಲಿಕ್ಸ್‌ನ ‘ಬ್ರಿಜರ್ಟನ್’ ಎರಡನೇ ಸೀಸನ್‌ನಲ್ಲಿ ಡ್ಯೂಕ್ ಸೈಮನ್ ಒಮ್ಮೆಯೂ ಮುಖ ತೋರಿಸಲಿಲ್ಲ. ಏನಾದರೂ ಜಗಳವಾಯಿತೇ? ನಾವು ಕೆಲವರು ಆನೆಗೊಂದಿಯ ಹಳೇ ಕಾಲದ ಪ್ರೇಮಕಥೆಯೊಂದನ್ನು ವೆಬ್ ಸರಣಿಗೆ ಬರೆಯುತ್ತಿದ್ದೇವೆ. ನಾಯಕನನ್ನೇ ಹೀಗೆ ಕಳಿಸಿಬಿಡಬಹುದೇ? (ಗಂಗಾವತಿಯಿಂದ)

ಉತ್ತರ: ಕಳಿಸಬಹುದು, ಆದರೆ ಅವನು ತಂದ ಕಥೆ ಪೂರ್ತಿ ತೀರಿರಬೇಕು.

ಸೈಮನ್ ಪಾತ್ರ ಮಾಡಿದ ರೆಗೇ-ಜಾನ್ ಪೇಜ್ ಮುಂದುವರಿಯುವುದಿಲ್ಲವೆಂಬ ಸುದ್ದಿ ಬಂದದ್ದು 2021ರ ಏಪ್ರಿಲ್‌ನಲ್ಲಿ. ತಮ್ಮದು ಒಂದೇ ಸೀಸನ್‌ನ ಪಾತ್ರವೆಂದು ಮೊದಲೇ ಮಾತಾಗಿತ್ತು, ಒಪ್ಪಿಕೊಳ್ಳಲು ಅದೂ ಒಂದು ಕಾರಣ ಎಂದು ಅವರೇ ಹೇಳಿದ್ದಾರೆ. ಮೂಲ ಕಾದಂಬರಿಗಳ ಕಟ್ಟೂ ಇದಕ್ಕೆ ಹೊಂದುತ್ತದೆ. ಜೂಲಿಯಾ ಕ್ವಿನ್ ಬರೆದದ್ದು ಬ್ರಿಜರ್ಟನ್ ಮನೆಯ ಎಂಟು ಒಡಹುಟ್ಟಿದವರಿಗೆ ಎಂಟು ಪುಸ್ತಕ. ಪ್ರತಿ ಪುಸ್ತಕಕ್ಕೂ ಹೊಸ ಜೋಡಿ, ಹಿಂದಿನ ಜೋಡಿ ಅಲ್ಲಿಗೆ ಬರೀ ನೆಂಟರು.

ಕಥೆ ತೀರಿತೆಂದು ಗೊತ್ತಾಗುವುದು ಹೇಗೆ? ಬಳ್ಳಾರಿ ಕಡೆಯ ದೊಡ್ಡಾಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಾತ್ರ ರಂಗಕ್ಕೆ ಬಂದ ಕೂಡಲೇ ಆಟ ನಡೆಸುವ ಸಾರಥಿ ನೀನು ಯಾರು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಸೈಮನ್‌ನನ್ನೂ ಹಾಗೇ ಕೇಳಿ ನೋಡಿ. ಚಿಕ್ಕಂದಿನಲ್ಲಿ ತೊದಲುತ್ತಿದ್ದ ಮಗನನ್ನು ಅಪ್ಪ ಹತ್ತಿರ ಸೇರಿಸಲಿಲ್ಲ. ಸಾಯುತ್ತಿದ್ದ ಅದೇ ಅಪ್ಪನ ಮುಂದೆ ನಿಂತು ಮಗ, ಈ ವಂಶ ನನ್ನಲ್ಲೇ ಮುಗಿಯುತ್ತದೆ, ನನಗೆ ಮಕ್ಕಳಾಗುವುದಿಲ್ಲ ಎಂದು ಶಪಥ ಮಾಡಿದ. ಸುಳ್ಳು ಪ್ರೇಮ, ದ್ವಂದ್ವಯುದ್ಧ, ಅವಸರದ ಮದುವೆ, ಗಂಡ ಹೆಂಡಿರ ಮುನಿಸು ಎಲ್ಲವೂ ಆ ಶಪಥಕ್ಕೆ ಜೋತುಬಿದ್ದಿವೆ. ಎಂಟನೇ ಕಂತಿನ ಕೊನೆಗೆ ಹೆಂಡತಿ ಡ್ಯಾಫ್ನಿ ಬ್ರಿಜರ್ಟನ್‌ಗೆ ಗಂಡುಮಗು. ಶಪಥ ಮುರಿಯಿತು, ಅವನ ಬಳಿ ಇನ್ನು ಕೇಳಲು ಏನೂ ಉಳಿಯಲಿಲ್ಲ. ಬರೀ ಮದುವೆಗೆ ನಿಲ್ಲಿಸಿದ್ದರೆ ಶಪಥ ಹಾಗೇ ಉಳಿದು, ಅವನು ಎರಡನೇ ಸೀಸನ್‌ಗೂ ಬರಲೇಬೇಕಾಗುತ್ತಿತ್ತು.

ನಮ್ಮ ದಿನದ ಧಾರಾವಾಹಿಗಳಲ್ಲಿ ಈ ಸೌಕರ್ಯ ಇಲ್ಲ. ವಾರಕ್ಕೆ ಐದಾರು ಕಂತು ಬೇಕಾದಾಗ ಒಂದು ಪ್ರಶ್ನೆ ಮುಗಿಯುವ ಮೊದಲೇ ಇನ್ನೊಂದನ್ನು ಎಬ್ಬಿಸಿರುತ್ತಾರೆ. ಹಾಗಾಗಿ ನಟ ಬಿಟ್ಟುಹೋದ ದಿನ ಕಥೆ ಅರ್ಧದಲ್ಲಿರುತ್ತದೆ: ಅಪಘಾತ, ಅಮೆರಿಕ, ಪ್ಲಾಸ್ಟಿಕ್ ಸರ್ಜರಿ, ಇಲ್ಲವೇ ಸೋಮವಾರದಿಂದ ಅದೇ ಹೆಸರಿಗೆ ಬೇರೆ ಮುಖ.

ಹಾಗೆಂದು ಬ್ರಿಜರ್ಟನ್‌ನವರು ಎಲ್ಲವನ್ನೂ ಸರಿಯಾಗಿ ಮಾಡಿದರು ಎನ್ನಲಾಗದು. ಸೈಮನ್ ಹೋದ, ಹೆಂಡತಿ ಉಳಿದಳು. ಎರಡನೇ ಸೀಸನ್‌ನಲ್ಲಿ ಡ್ಯಾಫ್ನಿ ತವರಿಗೆ ಬಂದು, ಅಣ್ಣಂದಿರ ಜತೆ ಹುಲ್ಲಿನ ಮೇಲೆ ಕೋಲು ಹಿಡಿದು ಚೆಂಡು ಹೊಡೆದು ನಗುತ್ತಾಳೆ. ನೋಡುವವರ ಕಣ್ಣು ಮಾತ್ರ ಗಂಡನನ್ನೇ ಹುಡುಕುತ್ತದೆ. ಅಣ್ಣ ಆಂಥೊನಿಯ ಮದುವೆಗೆ ಚಪ್ಪರ ಹಾಕಿದಾಗಲಂತೂ ಇದು ಎದ್ದು ಕಾಣುತ್ತದೆ, ಯಾಕೆಂದರೆ ಸೈಮನ್ ಅವನಿಗೆ ಭಾವ ಮಾತ್ರವಲ್ಲ, ಹಳೇ ಗೆಳೆಯ. ಅವನ ಕಥೆ ಮುಗಿದಿತ್ತು, ನೆಂಟಸ್ತನ ಮುಗಿದಿರಲಿಲ್ಲ. ನೀವು ಬರೆಯುವಾಗ ಹೋಗುವ ಪಾತ್ರದ ನೆಂಟರ ಪಟ್ಟಿ ಮಾಡಿಕೊಳ್ಳಿ. ಮುಂದಿನ ಸೀಸನ್‌ನಲ್ಲಿ ಯಾವ ಮದುವೆ, ಯಾವ ಸಾವಿಗೆ ಅವನು ಬರಲೇಬೇಕು ಎಂದು ಮೊದಲೇ ನೋಡಿ, ಆ ಜಾಗಕ್ಕೆ ಕಾರಣ ಹೊಂದಿಸಿ.

ಮೊದಲ ಸೀಸನ್‌ನ ಇನ್ನೊಂದು ಪಾತ್ರ ಮರೀನಾಳ ನಿರ್ಗಮನ ನನ್ನ ಲೆಕ್ಕದಲ್ಲಿ ಸೈಮನ್‌ನದಕ್ಕಿಂತ ಅಚ್ಚುಕಟ್ಟು. ಪ್ರಿಯಕರ ಯುದ್ಧದಲ್ಲಿ ಸತ್ತ, ಹೊಟ್ಟೆಯಲ್ಲಿ ಮಗು, ಕೊನೆಗೆ ಅವನ ತಮ್ಮ ಸರ್ ಫಿಲಿಪ್ ಕೈ ಹಿಡಿಯುತ್ತಾನೆ. ಎರಡನೇ ಸೀಸನ್‌ನಲ್ಲಿ, ಹಿಂದೆ ಅವಳನ್ನು ಮದುವೆಯಾಗಲು ಹೊರಟಿದ್ದ ಡ್ಯಾಫ್ನಿಯ ಅಣ್ಣ ಕಾಲಿನ್ ಅವಳ ಮನೆಗೆ ಹೋಗುವ ಪ್ರಸಂಗ ಒಂದಿದೆ. ಅದು ಅವಳ ಕಥೆಯನ್ನು ಬೆಳೆಸುವುದಿಲ್ಲ, ಹಳೆಯದನ್ನು ಬಿಟ್ಟು ಮುಂದೆ ನಡೆಯುವಂತೆ ಕಾಲಿನ್‌ನನ್ನು ತಳ್ಳುತ್ತದೆ. ಹೋದವರನ್ನು ಮತ್ತೆ ಕರೆಸಿದರೆ ಇನ್ನೊಬ್ಬರ ಕೆಲಸಕ್ಕೇ ಕರೆಸಬೇಕು. ಅವರದೇ ಹೊಸ ತೊಂದರೆ ಹುಟ್ಟಿಸಿದರೆ ಮುಚ್ಚಿದ ಕಥೆ ಮತ್ತೆ ಬಿಚ್ಚಿಕೊಳ್ಳುತ್ತದೆ.

ಹಳೇ ಕಾಲದ ಕಥೆಗೆ ದೂರವೇ ದೊಡ್ಡ ಸಹಾಯ. ಮೊದಲ ಸೀಸನ್ ನಡೆಯುವುದು 1813ರಲ್ಲಿ. ಆಗ ಶ್ರೀಮಂತರು ವರ್ಷದ ಕೆಲ ತಿಂಗಳು ಮಾತ್ರ ಲಂಡನ್‌ನಲ್ಲಿದ್ದು, ಉಳಿದ ಕಾಲ ಹಳ್ಳಿಯ ಜಮೀನಿನ ಬಂಗಲೆಯಲ್ಲಿರುತ್ತಿದ್ದರು. ಮೂರನೇ ಸೀಸನ್‌ನಲ್ಲಿ ಆಂಥೊನಿ ಮತ್ತು ಅವನ ಹೆಂಡತಿ ಕೇಟ್, ಹೆರಿಗೆ ಇಂಡಿಯಾದಲ್ಲಾಗಲಿ ಎಂದು ಹೊರಡಲು ತೀರ್ಮಾನಿಸುತ್ತಾರೆ. ಹಾಯಿಹಡಗಿನಲ್ಲಿ ಆಫ್ರಿಕಾ ಸುತ್ತಿ ಬರಲು ತಿಂಗಳುಗಳೇ ಬೇಕು. ಆ ಒಂದು ಮಾತಿನಿಂದ ಇಬ್ಬರು ನಟರಿಗೂ ಬಿಡುವು.

ನಿಮ್ಮ ಆನೆಗೊಂದಿಗೆ ಹಡಗು ಬೇಡ, ತುಂಗಭದ್ರೆ ಸಾಕು. 1800ರ ನಂತರ ಆಚೆ ದಡದ ಹಂಪಿ, ಬಳ್ಳಾರಿ ಕಂಪನಿ ಸರ್ಕಾರದ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದವು, ಈಚೆ ದಡ ನಿಜಾಮನ ಕಡೆಯೇ ಉಳಿಯಿತು. ನಾಯಕ ಬಳ್ಳಾರಿ ಕಚೇರಿಯ ಗುಮಾಸ್ತನಾದರೆ ಕಡಪಕ್ಕೆ ವರ್ಗ ಮಾಡಿ ಕಳಿಸಿ. ಒಂದು ಮದುವೆಗೆ ಮಾತ್ರ ಅವನು ಬರಬಾರದು ಎಂದಿದ್ದರೆ ಮದುವೆಯನ್ನು ಆಷಾಢ ಕಳೆದ ಕೂಡಲೇ ಶ್ರಾವಣದಲ್ಲಿ ಇಡಿ. ಹೊಳೆ ತುಂಬಿದಾಗ ಹರಿಗೋಲು ಬಿಡುವುದಿಲ್ಲ. ಆಚೆ ದಡದಲ್ಲಿ ಅಂಬಿಗ ಹರಿಗೋಲನ್ನು ಬಂಡೆಯ ಮೇಲೆ ಕವುಚಿ ಹಾಕಿರುವ ಒಂದು ಶಾಟ್ ತೋರಿಸಿದರೆ ಮಾತೇ ಬೇಡ. ಬರೀ ‘ಅವರಿಗೆ ಕೆಲಸ ಇದೆಯಂತೆ’ ಎಂದು ಬರೆದರೆ ಯಾರೂ ನಂಬುವುದಿಲ್ಲ.

ಯಾರನ್ನು ಕಳಿಸಬಾರದು ಎನ್ನುವುದಕ್ಕೂ ಈ ಸರಣಿಯಲ್ಲೇ ಉದಾಹರಣೆ ಇದೆ. ಡ್ಯಾಫ್ನಿಯ ತಂಗಿ ಫ್ರಾನ್ಸೆಸ್ಕಾ ಮೊದಲೆರಡು ಸೀಸನ್‌ಗಳಲ್ಲಿ ಬಂದದ್ದು ಅಪರೂಪ. ಆ ಪಾತ್ರದ ರೂಬಿ ಸ್ಟೋಕ್ಸ್ ಹೊರಟಾಗ ಫ್ರಾನ್ಸೆಸ್ಕಾಳನ್ನು ಎಲ್ಲೋ ದೂರ ಮದುವೆ ಮಾಡಿ ಕಳಿಸುವುದು ಸುಲಭವಿತ್ತು. ಹಾಗೆ ಮಾಡಲಿಲ್ಲ, ಮೂರನೇ ಸೀಸನ್‌ನಿಂದ ಹ್ಯಾನಾ ಡಾಡ್ ಬಂದರು. ಅವಳ ಪುಸ್ತಕದ ಸರದಿ ಇನ್ನೂ ಬಂದಿರಲಿಲ್ಲ.