ಪ್ರೇಯರ್ ಪ್ಲಾಂಟ್: ಕಡೂರಿಗೊಂದು ಲೆಕ್ಕ, ಮೂಡಿಗೆರೆಗೊಂದು ಲೆಕ್ಕ

ನರ್ಸರಿಗೆ ಬರುವವರು ಈಗ ಫೋನಿನಲ್ಲಿ ಫೋಟೊ ತೋರಿಸಿ ಗಿಡ ಕೇಳುತ್ತಾರೆ. ಅದರಲ್ಲಿ ಪ್ರೇಯರ್ ಪ್ಲಾಂಟ್‌ಗೆ ಬೇಡಿಕೆ ಜಾಸ್ತಿ. ಕೆಂಪು ನರ, ನಡುವೆ ತಿಳಿ ಹಸಿರು ಪಟ್ಟೆ, ಕತ್ತಲಾದರೆ ಎಲೆಗಳನ್ನು ಮೇಲೆತ್ತಿ ಕೈಮುಗಿದಂತೆ ನಿಲ್ಲುವ ಗಿಡ. ಕೊಂಡುಹೋದ ಒಂದೆರಡು ತಿಂಗಳಿಗೆ ದೂರು ಶುರುವಾಗುತ್ತದೆ. ಕಡೂರು, ಬೀರೂರು ಕಡೆಯವರು "ಎಲೆ ತುದಿಯೆಲ್ಲ ಸುಟ್ಟ ಹಾಗಾಗಿದೆ" ಅನ್ನುತ್ತಾರೆ. ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯವರದ್ದು "ಬುಡದಲ್ಲೇ ಕೊಳೆತು ಹೋಯ್ತು" ಅನ್ನುವ ದೂರು.

ಇಬ್ಬರೂ ಒಂದೇ ವಿಡಿಯೊ ನೋಡಿ ಗಿಡ ಸಾಕಿದವರು. ದಿನಾ ನೀರು ಚಿಮುಕಿಸಿ, ಕುಂಡದ ಕೆಳಗೆ ನೀರು ತುಂಬಿದ ತಟ್ಟೆ ಇಡಿ, ಮಣ್ಣು ಒಣಗಲು ಬಿಡಬೇಡಿ ಅನ್ನುವಂಥ ವಿಡಿಯೊಗಳು. ಚಳಿದೇಶಗಳಲ್ಲಿ ಹೀಟರ್ ಹಾಕಿದ ಮನೆಯೊಳಗೆ ಗಾಳಿ ಒಣಗಿ ಹಪ್ಪಳದ ಹಾಗಾಗುತ್ತದೆ. ಆ ಮನೆಗಳಿಗೆ ಹೇಳಿದ ಮಾತು ಅದು. ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ ಶೃಂಗೇರಿಗೆ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬರುತ್ತದೆ. ಕಡೂರಿಗೆ ಅದರ ಕಾಲುಭಾಗವೂ ಇಲ್ಲ. ಒಂದೇ ಜಿಲ್ಲೆಯೊಳಗೇ ಇಷ್ಟು ವ್ಯತ್ಯಾಸ ಇರುವಾಗ ಎಲ್ಲಿಯದೋ ಲೆಕ್ಕ ಇಲ್ಲಿಗೆ ಹೇಗೆ ಸರಿಹೋಗುತ್ತದೆ?

ಈ ಗಿಡದ ಮೂಲ ಬ್ರೆಜಿಲ್. ಅಲ್ಲಿನ ಕಾಡಿನಲ್ಲಿ ದೊಡ್ಡ ಮರಗಳ ಕೆಳಗೆ, ತರಗೆಲೆಯ ಮೇಲೆ ಹರಡಿಕೊಂಡು ಬೆಳೆಯುತ್ತದೆ. ಸೋಸಿ ಬಂದ ಬೆಳಕು, ಸಡಿಲ ಮಣ್ಣು, ತೇವದ ಗಾಳಿ. ಕಾಫಿ ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ತೋಟದಲ್ಲಿ ಕೊಂಬೆ ಸವರಿದ ನೆರಳಿನ ಮರ ಹಾಲುವಾಣದ ಕೆಳಗೆ ಬೀಳುವ ಬೆಳಕೇ ಇದಕ್ಕೂ ಬೇಕಾದ್ದು.

ಅಂಗಡಿಯಲ್ಲಿ ಪ್ರೇಯರ್ ಪ್ಲಾಂಟ್ ಅಂತ ಎರಡು ಬಗೆಯ ಗಿಡ ಮಾರುತ್ತಾರೆ. ಒಂದು ಮರಾಂಟಾ. ಇದು ನೆಲಕ್ಕೆ ಬಾಗಿ ಹರಡುತ್ತದೆ, ದಂಟಿನಲ್ಲಿ ಗಿಣ್ಣು ಇರುತ್ತದೆ. ಇನ್ನೊಂದು ಕೆಲಾಥಿಯಾ. ಇದರ ಎಲೆ ಬುಡದಿಂದ ನೆಟ್ಟಗೆ ಎದ್ದು ಬರುತ್ತದೆ. 2012ರಲ್ಲಿ ಸಸ್ಯವಿಜ್ಞಾನಿಗಳು ಕೆಲಾಥಿಯಾಗಳಲ್ಲಿ ಬಹುಪಾಲನ್ನು ಗೊಪರ್ಟಿಯಾ ಅನ್ನುವ ಗುಂಪಿಗೆ ಸೇರಿಸಿದರು. ಆದರೂ ಚೀಟಿಯಲ್ಲಿ ಹಳೆ ಹೆಸರೇ ಇದೆ, ಇರಲಿ ಬಿಡಿ. ಎರಡೂ ಒಂದೇ ಕುಟುಂಬದವು. ಹೊಟ್ಟೆ ಕೆಟ್ಟಾಗ ಗಂಜಿ ಮಾಡುವ ಆರಾರೂಟ್ ಕೂಡ ಮರಾಂಟಾ ಜಾತಿಯ ಗೆಡ್ಡೆಯದೇ. ಮೊದಲ ಸಲ ಬೆಳೆಸುವವರು ಮರಾಂಟಾವನ್ನೇ ತೆಗೆದುಕೊಳ್ಳಿ. ಕೆಲಾಥಿಯಾ ನೋಡಲು ಚೆಂದ, ಆದರೆ ಸಣ್ಣ ಸಣ್ಣದಕ್ಕೂ ಮುನಿಸಿಕೊಳ್ಳುತ್ತದೆ.

ಎಲೆ ಹೇಗೆ ಮಡಚುತ್ತದೆ ಅಂತ ಮಕ್ಕಳು ಕೇಳುತ್ತಾರೆ. ಎಲೆ ಮತ್ತು ತೊಟ್ಟು ಸೇರುವ ಜಾಗವನ್ನು ಬೆರಳಿನಿಂದ ಸವರಿ ನೋಡಿ. ಅಲ್ಲೊಂದು ದಪ್ಪನೆಯ ಗಂಟು ಸಿಗುತ್ತದೆ. ಅದರ ಹೆಸರು ಪಲ್ವಿನಸ್. ಗಂಟಿನ ಒಂದು ಬದಿಯ ಕೋಶಗಳು ನೀರು ತುಂಬಿಕೊಂಡು ಉಬ್ಬುತ್ತವೆ, ಇನ್ನೊಂದು ಬದಿಯವು ನೀರು ಬಿಟ್ಟು ಕುಗ್ಗುತ್ತವೆ. ಎಲೆ ಮೇಲೇಳುತ್ತದೆ. ಬೆಳಗ್ಗೆ ಇದೇ ಕೆಲಸ ತಿರುಗಾ ನಡೆಯುತ್ತದೆ. ನಮ್ಮ ಹುಣಸೆ, ಮಳೆಮರ, ಮುಟ್ಟಿದರೆ ಮುನಿ ಕೂಡ ರಾತ್ರಿ ಎಲೆ ಮಡಚುತ್ತವೆ. 1729ರಲ್ಲಿ ಫ್ರಾನ್ಸಿನ ದ ಮೆರಾನ್ ಅನ್ನುವ ವಿಜ್ಞಾನಿ ಮುಟ್ಟಿದರೆ ಮುನಿಯಂಥ ಗಿಡವೊಂದನ್ನು ಕತ್ತಲಲ್ಲಿಟ್ಟು ನೋಡಿದ. ಬಿಸಿಲು ಕಾಣದಿದ್ದರೂ ಹಗಲಿಗೆ ಎಲೆ ಬಿಚ್ಚಿತು, ರಾತ್ರಿಗೆ ಮಡಚಿತು. ಗಿಡದೊಳಗೇ ಗಡಿಯಾರ ಇದೆ ಅನ್ನುವುದರ ಮೊದಲ ಸುಳಿವು ಅದು. ಮಡಚುವುದರಿಂದ ಗಿಡಕ್ಕೇನು ಲಾಭ? ರಾತ್ರಿ ಚಳಿಯಿಂದ ಎಲೆ ಉಳಿಸಿಕೊಳ್ಳಲು ಅಂತ 1880ರಲ್ಲಿ ಡಾರ್ವಿನ್ ವಾದಿಸಿದ್ದ. ಇವತ್ತಿಗೂ ಈ ವಿಷಯದಲ್ಲಿ ಒಮ್ಮತ ಇಲ್ಲ.

ಗಿಡ ಸಾಕುವವರಿಗೆ ಈ ಮಡಚುವಿಕೆ ನಾಡಿ ಇದ್ದ ಹಾಗೆ. ಸಂಜೆ ಎಲೆ ಸರಿಯಾಗಿ ಎದ್ದು ಬೆಳಗ್ಗೆ ಸರಿಯಾಗಿ ಬಿಚ್ಚಿಕೊಂಡರೆ ಬೇರು ನೆಟ್ಟಗಿದೆ ಅಂತ ತಿಳಿಯಿರಿ. ಮಧ್ಯಾಹ್ನವೂ ಸುರುಳಿ ಸುತ್ತಿಕೊಂಡೇ ಇದ್ದರೆ ನೀರು ಸಾಲದು, ಇಲ್ಲವೇ ಬಿಸಿಲು ಜಾಸ್ತಿ. ರಾತ್ರಿ ಎಷ್ಟು ಹೊತ್ತಾದರೂ ಎದ್ದೇಳದಿದ್ದರೆ ಮೇಲೆ ಉರಿಯುವ ಟ್ಯೂಬ್‌ಲೈಟ್ ಕಾರಣ ಇರಬಹುದು. ತೀರಾ ಹಳೆಯ ಎಲೆಗಳ ಅಲುಗಾಟವೂ ಕಡಿಮೆ. ಅದಕ್ಕೆ ಗಾಬರಿ ಬೇಡ.

ಜಾಗದ ವಿಷಯ. ಪೂರ್ವದ ಕಿಟಕಿಯಿಂದ ಮೂರು ನಾಲ್ಕು ಅಡಿ ಒಳಗೆ ಇಟ್ಟರೆ ಸಾಕು. ಜಗಲಿಯ ಒಳಗೋಡೆಯ ಬದಿಯೂ ಒಳ್ಳೆಯದು. ಹಳೆ ಹೆಂಚಿನ ಮನೆಯವರು ಬೆಳಕಿಗೆಂದು ಗಾಜಿನ ಹೆಂಚಿನ ಕೆಳಗೆ ಇಡುತ್ತಾರೆ. ಬೆಳಗ್ಗೆ ನೋಡಿದರೆ ಆ ಜಾಗ ಸರಿಯಾಗೇ ಕಾಣುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಹೆಂಚಿನಿಂದ ಇಳಿಯುವ ಬಿಸಿಲಿನ ಕೋಲು ನೇರ ಎಲೆ ಮೇಲೆ ಬೀಳುತ್ತದೆ. ಬಿಳಿಚಿದ ಮಚ್ಚೆ ಎದ್ದ ಮೇಲೆ ಆ ಎಲೆ ಸರಿಹೋಗುವುದಿಲ್ಲ. ಎಲೆಯ ಬಣ್ಣವೇ ಒಟ್ಟಾಗಿ ಮಾಸುತ್ತಿದ್ದರೂ ಬೆಳಕು ಹೆಚ್ಚಾಗಿದೆ ಅಂತ ಅರ್ಥ. ತೊಟ್ಟು ಉದ್ದುದ್ದ ಚಾಚಿ, ಎಲೆ ಸಣ್ಣದಾಗುತ್ತಾ ಬಂದರೆ ಕತ್ತಲು ಜಾಸ್ತಿ.

ಇನ್ನು ನೀರು. ಕಡೂರು, ತರೀಕೆರೆ, ಆಚೆ ಹಾಸನದ ಅರಸೀಕೆರೆವರೆಗೂ ಬಯಲುಸೀಮೆಯ ಬೋರ್‌ವೆಲ್ ನೀರು ಗಡಸು. ಬಕೆಟ್ಟಿನ ಒಳಗೆ ಬಿಳಿ ಪೊರೆ ಕಟ್ಟುವ ನೀರು. ಈ ಗಿಡದ ಬೇರಿಗೆ ಉಪ್ಪಿನಂಶ ಆಗಿಬರುವುದಿಲ್ಲ, ಫ್ಲೋರೈಡ್ ಅಂತೂ ಆಗುವುದೇ ಇಲ್ಲ. ಬೇರು ಎಳೆದುಕೊಂಡ ನೀರು ಎಲೆಯಿಂದ ಆವಿಯಾಗಿ ಹೋಗುತ್ತದೆ. ಜೊತೆಗೆ ಬಂದ ಉಪ್ಪು ಎಲೆಯ ಅಂಚು, ತುದಿಯಲ್ಲೇ ಉಳಿದು ಸುಡುತ್ತದೆ. ಆಗ ಮನೆಯವರು ಏನು ಮಾಡುತ್ತಾರೆ? ತುದಿ ಒಣಗಿದೆ, ನೀರು ಸಾಲದು ಅಂತ ಅದೇ ನೀರನ್ನು ಇನ್ನೂ ಜಾಸ್ತಿ ಹಾಕುತ್ತಾರೆ.

ನೀರನ್ನು ರಾತ್ರಿಯಿಡೀ ತೆರೆದಿಟ್ಟು ಬಳಸಿ ಅನ್ನುವ ಸಲಹೆ ಎಲ್ಲರಿಗೂ ಗೊತ್ತು. ಅದರಿಂದ ನಲ್ಲಿ ನೀರಿನ ಕ್ಲೋರಿನ್ ಸ್ವಲ್ಪ ಹೋಗಬಹುದು, ಗಡಸುತನವಾಗಲಿ ಫ್ಲೋರೈಡ್ ಆಗಲಿ ಹೋಗುವುದಿಲ್ಲ. ಕುದಿಸಿದರೆ ಫ್ಲೋರೈಡ್ ಕಡಿಮೆಯಾಗುವುದಿಲ್ಲ, ನೀರು ಇಂಗಿದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಇನ್ನೊಂದು ಒಳ್ಳೆ ಮನಸ್ಸಿನ ಕೆಲಸ ಇದೆ. ಆರ್‌ಒ ಯಂತ್ರದಿಂದ ಹೊರಹೋಗುವ ನೀರು ದಂಡವಾಗುತ್ತದಲ್ಲ ಅಂತ ಅದನ್ನು ಗಿಡಕ್ಕೆ ಹಾಕುವುದು. ಯಂತ್ರ ಬೇರೆ ಮಾಡಿದ ಉಪ್ಪೆಲ್ಲ ಇರುವುದು ಆ ನೀರಿನಲ್ಲೇ. ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ. ಗಿಡಕ್ಕೆ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರಲ್ಲಿ ಅರ್ಧ ಲೋಟ, ಒಂದು ಲೋಟ ಕೊಡಿ. ಇಷ್ಟು ಸಣ್ಣ ಗಿಡ ಎಷ್ಟು ನೀರು ಕುಡಿದೀತು ಹೇಳಿ. ಎಸಿ ಇದ್ದರೆ ಅದರ ಪೈಪಿನಿಂದ ತೊಟ್ಟಿಕ್ಕುವ ನೀರೂ ಆಗುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಮಳೆನೀರು. ಹಿಂಗಾರಿನಲ್ಲಿ ತಾರಸಿಯಿಂದ ಒಂದು ಡ್ರಮ್ ಹಿಡಿದು, ಸೊಳ್ಳೆ ಹೋಗದಂತೆ ಬಟ್ಟೆ ಕಟ್ಟಿಟ್ಟರೆ ಒಂದೆರಡು ಕುಂಡಕ್ಕೆ ಬೇಸಿಗೆ ಪೂರ್ತಿ ಸಾಕಾಗುತ್ತದೆ. ಈಗಾಗಲೇ ಮಣ್ಣಿನ ಮೇಲೆ ಬಿಳಿ ಪುಡಿ ಕೂತಿದ್ದರೆ ಅದನ್ನು ಕೆರೆದು ತೆಗೆದು, ಒಳ್ಳೆ ನೀರನ್ನು ಕೆಳಗಿನ ತೂತಿನಿಂದ ಧಾರಾಳ ಹರಿಯುವಂತೆ ಎರಡು ಮೂರು ಸಲ ಹಾಕಿ ತೊಳೆಯಿರಿ.

ಘಟ್ಟದ ಕಡೆಯ ಕಥೆ ಬೇರೆ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ಕುಂಡದ ಮಣ್ಣು ಒಣಗೀತೇ? ಬಿಸಿಲಿಲ್ಲ, ಗಾಳಿ ತುಂಬ ತೇವ, ಎಲೆಯಿಂದ ನೀರು ಹೆಚ್ಚು ಆವಿಯಾಗುವುದಿಲ್ಲ. ಗಿಡ ನೀರು ಕುಡಿಯುವುದನ್ನೇ ತುಂಬ ಕಡಿಮೆ ಮಾಡಿರುತ್ತದೆ. ನಾವು ದಿನದ ಅಭ್ಯಾಸಕ್ಕೆ ಚೊಂಬು ಹಿಡಿದು ಹೋಗುತ್ತೇವೆ. ಬೇರಿಗೆ ಉಸಿರಾಡಲು ಗಾಳಿ ಬೇಕು, ಮಣ್ಣಿನ ಸಂದಿಯಲ್ಲೆಲ್ಲ ನೀರು ನಿಂತರೆ ಅದು ಉಸಿರುಕಟ್ಟಿ ಸಾಯುತ್ತದೆ, ಆಮೇಲೆ ಶಿಲೀಂಧ್ರ ಸೇರಿಕೊಳ್ಳುತ್ತದೆ. ಕೆಳಗಿನ ಎಲೆ ಹಳದಿ, ದಂಟಿನ ಬುಡ ಮೆತ್ತಗೆ, ಮಣ್ಣಿಗೆ ಹುಳಿ ವಾಸನೆ. ಇದು ಗುರುತು.

ಅಡಿಕೆ, ಕಾಫಿ ಬೆಳೆಯುವವರಿಗೆ ಕೊಳೆ ಅಂದ ತಕ್ಷಣ ನೆನಪಾಗುವುದು ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ. ಪ್ರೇಯರ್ ಪ್ಲಾಂಟ್‌ಗೂ ಬೋರ್ಡೋ ಹೊಡೆದು, ನೀಲಿ ಮೆತ್ತಿದ ಎಲೆಯನ್ನು ತಂದು ತೋರಿಸುವವರಿದ್ದಾರೆ. ಅಡಿಕೆ ಕೊನೆಗೆ ಕೊಳೆರೋಗ ಮಳೆ ಹನಿಯ ಜೊತೆ ಮೇಲಿಂದ ಬರುತ್ತದೆ, ಹಾಗಾಗಿ ಮೇಲೆ ಹೊಡೆದರೆ ತಡೆಯುತ್ತದೆ. ಇಲ್ಲಿ ಕೊಳೆಯುತ್ತಿರುವುದು ಬೇರು. ಎಲೆಗೆ ಏನು ಬಳಿದರೂ ಬೇರಿಗೆ ಉಪಯೋಗ ಇಲ್ಲ. ಗಿಡ ಕಿತ್ತು, ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾದ ಬೇರುಗಳನ್ನು ಚೊಕ್ಕ ಕತ್ತರಿಯಲ್ಲಿ ತೆಗೆದು, ಹೊಸ ಒಣ ಮಿಶ್ರಣದಲ್ಲಿ ಸಣ್ಣ ಕುಂಡಕ್ಕೆ ನೆಡಬೇಕು. ಬೇರು ಪೂರಾ ಹೋಗಿದ್ದರೆ ಮೇಲಿನ ಗಟ್ಟಿ ದಂಟುಗಳನ್ನಾದರೂ ಕತ್ತರಿಸಿ ಉಳಿಸಿಕೊಳ್ಳಿ.

ನೀರು ಯಾವಾಗ ಹಾಕಬೇಕು? ವಾರದ ಲೆಕ್ಕ ಬೇಡ. ಬೆರಳಿನ ಮೊದಲ ಗೆಣ್ಣಿನವರೆಗೆ ಮಣ್ಣು ಒಣಗಿದ್ದರೆ ಹಾಕಿ, ಇಲ್ಲದಿದ್ದರೆ ಬಿಡಿ. ಏಪ್ರಿಲ್‌ನಲ್ಲಿ ಕಡೂರಿನ ಮನೆಯಲ್ಲಿ ಎರಡು ದಿನಕ್ಕೇ ಒಣಗಬಹುದು. ಜುಲೈನಲ್ಲಿ ಕೊಪ್ಪದಲ್ಲಿ ಹತ್ತು ದಿನವಾದರೂ ಒಣಗದೆ ಇರಬಹುದು. ಕುಂಡವೂ ಇದಕ್ಕೆ ತಕ್ಕಂತೆ ಇರಲಿ. ಮಳೆಯ ಕಡೆ ಮಣ್ಣಿನ ಕುಂಡ ಒಳ್ಳೆಯದು, ಗೋಡೆಯಿಂದಲೂ ತೇವ ಹೊರಹೋಗುತ್ತದೆ. ಬಯಲಿನಲ್ಲಿ ಪ್ಲಾಸ್ಟಿಕ್ಕೇ ವಾಸಿ. ಎರಡು ಕಡೆಯೂ ಅಗಲವಾದ, ಆಳ ಕಡಿಮೆ ಇರುವ ಕುಂಡ ಬೇಕು. ಬೇರು ಮೇಲ್ಮಣ್ಣಿನಲ್ಲೇ ಹರಡುವಂಥದ್ದು. ಗೃಹಪ್ರವೇಶಕ್ಕೆ ಉಡುಗೊರೆ ಬರುವ, ತೂತೇ ಇಲ್ಲದ ಪಿಂಗಾಣಿ ಕುಂಡದಲ್ಲಿ ನೇರ ನೆಡಲೇಬೇಡಿ. ಇನ್ನೊಂದು ಕುಂಡದಲ್ಲಿ ನೆಟ್ಟು ಅದನ್ನು ಇದರೊಳಗೆ ಇಳಿಸಿ, ತಳದಲ್ಲಿ ನಿಂತ ನೀರು ಚೆಲ್ಲುತ್ತಿರಿ.

ಮಣ್ಣು ಬರೀ ಕೆಂಪು ಮಣ್ಣಾದರೆ ಆಗದು. ಅರ್ಧ ಭಾಗ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಕಾಲು ಭಾಗ ಚೆನ್ನಾಗಿ ಕಳಿತ ತರಗಿನ ಗೊಬ್ಬರ, ಉಳಿದದ್ದು ದಪ್ಪ ಮರಳು ಅಥವಾ ಸುಟ್ಟು ಕಪ್ಪಾದ ಭತ್ತದ ಹೊಟ್ಟು. ಕೋಕೋಪೀಟ್‌ನಲ್ಲೂ ಉಪ್ಪು ಇರುತ್ತದೆ, ಎರಡು ಸಲ ತೊಳೆದು ಹಿಂಡಿ ಬಳಸಿ. ತೋಟದವರು ಕಾಫಿ ಸಿಪ್ಪೆ ಸೇರಿಸಬಹುದಾ ಅಂತ ಕೇಳುತ್ತಾರೆ. ಪೂರ್ತಿ ಗೊಬ್ಬರವಾದ ಮೇಲೆ ಆಗಬಹುದು, ಹಸಿಯದ್ದು ಬೇಡ. ಹೊರ ರಾಜ್ಯದಿಂದ ಲಾರಿಯಲ್ಲಿ ಬರುವ ಗಿಡಗಳ ಬೇರಿಗೆ ಜಿಗುಟು ಮಣ್ಣಿನ ಉಂಡೆ ಅಂಟಿರುತ್ತದೆ. ತಂದ ದಿನವೇ ಒಡೆಯಬೇಡಿ. ಹೊಸ ಜಾಗಕ್ಕೆ ಒಗ್ಗಲು ಎರಡು ವಾರ ಬಿಟ್ಟು, ಆಮೇಲೆ ಬಕೆಟ್ ನೀರಿನಲ್ಲಿ ನೆನೆಸಿ ಮೆಲ್ಲಗೆ ಬಿಡಿಸಿ.

ನೀರು ಚಿಮುಕಿಸುವ ಬಾಟಲಿಯ ಬಗ್ಗೆ ನನಗೆ ಅಂಥಾ ನಂಬಿಕೆ ಇಲ್ಲ. ಚಿಮುಕಿಸಿದ ತೇವ ನಿಮಿಷಗಳಲ್ಲಿ ಆರಿಹೋಗುತ್ತದೆ. ಗಡಸು ನೀರಾದರೆ ಎಲೆಯ ಮೇಲೆ ಕಲೆ ಉಳಿಯುತ್ತದೆ. ಮಳೆಗಾಲದ ಮಲೆನಾಡಿನಲ್ಲಂತೂ ಎಲೆ ಚುಕ್ಕಿ ರೋಗಕ್ಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಬಯಲಿನವರು ಮಾರ್ಚ್, ಏಪ್ರಿಲ್‌ನಲ್ಲಿ ನಾಲ್ಕೈದು ಗಿಡಗಳನ್ನು ಒತ್ತೊತ್ತಾಗಿ ಇಡಲಿ, ಫ್ಯಾನಿನ ಗಾಳಿ ನೇರ ಬೀಳದಂತೆ ನೋಡಿಕೊಳ್ಳಲಿ. ಬೆಳಕಿರುವ ಬಚ್ಚಲುಮನೆ ಇದ್ದರೆ ಅದೂ ಒಳ್ಳೆ ಜಾಗವೇ.

ಆ ಒಣ ತಿಂಗಳುಗಳಲ್ಲೇ ಜೇಡ ನುಸಿ ಬರುವುದು. ಎಲೆಯ ಅಡಿಯಲ್ಲಿ ಸಣ್ಣ ಬಲೆ, ಮೇಲೆ ಬೂದಿ ಚುಕ್ಕಿ. ಮೊದಲು ಎಲೆಯ ಅಡಿಭಾಗವನ್ನು ನೀರಲ್ಲಿ ತೊಳೆಯಿರಿ. ಆಮೇಲೆ ಲೀಟರಿಗೆ 5 ಎಂಎಲ್ ಬೇವಿನ ಎಣ್ಣೆ, ಎರಡು ಹನಿ ಸೋಪು ಕಲಸಿ ಸಂಜೆ ಹೊತ್ತು ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ. ಹಿಟ್ಟು ತಿಗಣೆಗೂ ಇದೇ ಮದ್ದು. ಮಳೆಯಲ್ಲಿ ಜಗಲಿಗೆ ಹತ್ತುವ ಬಸವನಹುಳುವನ್ನು ರಾತ್ರಿ ಟಾರ್ಚ್ ಹಿಡಿದು ಆರಿಸುವುದೇ ಸುಲಭ. ಗೊಬ್ಬರ ಕಡಿಮೆ ಇರಲಿ. ಹೊಸ ಎಲೆ ಬರುತ್ತಿರುವಾಗ ತಿಂಗಳಿಗೊಮ್ಮೆ ನೀರಲ್ಲಿ ಕರಗುವ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮ ಇರುವುದು) ಲೀಟರಿಗೆ ಒಂದು ಗ್ರಾಂ. ಮೋಡ ಕವಿದ ದಿನಗಳಲ್ಲಿ, ಡಿಸೆಂಬರ್ ಚಳಿಯಲ್ಲಿ ಬೇಡ. ರಾತ್ರಿ 15 ಡಿಗ್ರಿಗಿಂತ ಕೆಳಗಿಳಿಯುವ ಗಿರಿಯ ಬದಿಯ ಮನೆಗಳಲ್ಲಿ ಕುಂಡವನ್ನು ಕಿಟಕಿಯಿಂದ ಒಳಕ್ಕೆ ಸರಿಸಿ.

"ದೇವರ ಕೋಣೆಯಲ್ಲಿ ಇಡಬಹುದಾ ಅಣ್ಣಾ?" ಅಂತ ಕೇಳುವವರು ತುಂಬ ಜನ. ಕೈಮುಗಿಯುವ ಗಿಡ ಅಲ್ವಾ! ನಮ್ಮ ಮನೆಗಳ ದೇವರ ಕೋಣೆಗೆ ಕಿಟಕಿಯೇ ಇರುವುದಿಲ್ಲ, ಜೊತೆಗೆ ದೀಪದ ಮಸಿ. ಗಿಡದ ಪಾಲಿಗೆ ಅದು ಸೆರೆಮನೆ. ಹಬ್ಬದ ದಿನ ಇಟ್ಟು ಮರುದಿನ ತೆಗೆದರೆ ಏನೂ ಆಗದು. ಬೆಕ್ಕು, ನಾಯಿ ಇರುವವರು ಧೈರ್ಯವಾಗಿ ಸಾಕಬಹುದು. ಡಿಫೆನ್‌ಬಾಕಿಯಾ ಅನ್ನುವ ಅಲಂಕಾರದ ಗಿಡದ ಹಾಗೆ ಬಾಯಿ ಉರಿಸುವ ರಸ ಇದರಲ್ಲಿಲ್ಲ, ವಿಷವೂ ಅಲ್ಲ.

ಪಕ್ಕದ ಮನೆಯವರು ಒಂದು ಕಡ್ಡಿ ಕೇಳಿದರೆ ಮರಾಂಟಾದ ದಂಟನ್ನು ಗಿಣ್ಣಿನ ಅರ್ಧ ಇಂಚು ಕೆಳಗೆ ಕತ್ತರಿಸಿ ಕೊಡಿ. ಗಿಣ್ಣು ಮುಳುಗುವಷ್ಟು ನೀರಿನಲ್ಲಿ ಇಟ್ಟು, ಮೂರು ನಾಲ್ಕು ದಿನಕ್ಕೊಮ್ಮೆ ನೀರು ಬದಲಿಸಿದರೆ ಎರಡರಿಂದ ನಾಲ್ಕು ವಾರದಲ್ಲಿ ಬೇರು ಬರುತ್ತದೆ. ಎರಡು ಇಂಚು ಬೇರಾದ ಮೇಲೆ ಮಣ್ಣಿಗೆ ಹಾಕಬೇಕು. ಕೆಲಾಥಿಯಾದ ಎಲೆ, ತೊಟ್ಟು ಕತ್ತರಿಸಿ ನೀರಲ್ಲಿಟ್ಟರೆ ಎಷ್ಟು ಕಾದರೂ ಗಿಡವಾಗುವುದಿಲ್ಲ. ಅದನ್ನು ಬೇರು ಸಮೇತ ಬುಡ ಬಿಡಿಸಿ, ಒಂದೊಂದು ಭಾಗಕ್ಕೂ ಮೂರು ನಾಲ್ಕು ಎಲೆ ಇರುವಂತೆ ಪಾಲು ಮಾಡಬೇಕು. ಬಯಲಿನವರು ಈ ಕೆಲಸವನ್ನು ಮುಂಗಾರು ಹಿಡಿದ ಮೇಲೆ ಜೂನ್‌ನಲ್ಲಿ ಮಾಡಿ. ಘಟ್ಟದವರು ಮಳೆ ಇಳಿದು ಬಿಸಿಲು ಕಾಣುವ ಸೆಪ್ಟೆಂಬರ್ ಕೊನೆಗೆ ಮಾಡಿಕೊಳ್ಳಿ.